ಬೆಳಗಿನ ಜಾವ ಬಾಯಿ ಬಿಡುವ ಮೀನು

ಬೇಸಿಗೆಯಲ್ಲಿ ಕೆರೆಯ ನೀರು ತೂಬಿನ ಮಟ್ಟಕ್ಕೆ ಇಳಿದಾಗ, ಬೆಳಕು ಹರಿಯುವ ಮುಂಚೆ ಏರಿಯ ಮೇಲೆ ನಿಂತು ನೋಡಬೇಕು. ಕಾಟ್ಲಾ, ರೋಹು ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಬಿಸಿಲೇರಿದಂತೆ ಕೆಳಗಿಳಿಯುತ್ತವೆ. ನೀರನ್ನು ಹಸಿರುಗಟ್ಟಿಸಿದ ಪಾಚಿ ಹಗಲಲ್ಲಿ ಆಮ್ಲಜನಕ ಕೊಟ್ಟು, ರಾತ್ರಿಯಿಡೀ ತಾನೇ ಹೀರಿಕೊಳ್ಳುತ್ತದೆ. ನಸುಕಿನ ಹೊತ್ತಿಗೆ ಮೀನಿಗೆ ಉಸಿರಿಲ್ಲ. ಹನ್ನೊಂದು ಗಂಟೆಗೆ ಜೀಪಿನಲ್ಲಿ ಬಂದ ಅಧಿಕಾರಿಗಳಿಗೆ ಇದಾವುದೂ ಕಾಣುವುದಿಲ್ಲ. ಕಂಡ ಮೀನುಗಾರ ಹೇಳಿದರೆ, ‘ಒಂದು ಮಳೆ ಬಂದರೆ ಸರಿಹೋಗುತ್ತೆ ಬಿಡಪ್ಪ’ ಎಂಬ ಉತ್ತರ ಸಿದ್ಧವಿರುತ್ತದೆ.

ನಮ್ಮ ಚೇಳೂರು ಸೀಮೆಯವರು ಇದನ್ನು ಹಗುರವಾಗಿ ಎಣಿಸಬಾರದು. ನಮ್ಮ ಕೆರೆಗಳನ್ನು ಹಿರಿಯರು ಕಟ್ಟಿದ್ದು ಬೇಸಾಯಕ್ಕೆ; ಮೀನು, ಹಕ್ಕಿಗಳ ಬದುಕೂ ಅವುಗಳಿಗೆ ಅಂಟಿಕೊಂಡಿತು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಮರಿಗಳಿಗೆ ಮೀನು ತರುವುದು ಸುತ್ತಲಿನ ಕೆರೆಗಳಿಂದಲೇ. ಇನ್ನೊಂದು ಕಡೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ದಾಟಿ ಹರಿಯುವ ಶಿಂಷಾ ನದಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಬಳಿ ಸಾಗುತ್ತದೆ. ಅಲ್ಲಿ 2017ರ ಕೊನೆಯಿಂದ ಹೆಜ್ಜಾರ್ಲೆಗಳು ಮರದಿಂದ ಉರುಳತೊಡಗಿದವು. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಸಿಕ್ಕಿದ್ದು ದುಂಡುಹುಳುಗಳು. ಅವು ಹೊಟ್ಟೆ ಸೇರಿದ್ದು ತಿಂದ ಮೀನಿನಿಂದ. ಹತ್ತಾರು ಹಕ್ಕಿಗಳು ಸತ್ತ ಮೇಲಷ್ಟೇ ಸುತ್ತಲಿನ ನೀರಿನ ಮಾತು ಬಂತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಮಳೆ ಬಂದರೆ ಸರಿಹೋಗುತ್ತದೆ ಎನ್ನುವವರು ಒಂದನ್ನು ಗಮನಿಸಿಲ್ಲ. ಮೊದಲ ಜೋರು ಮಳೆಯೇ ಹಲವು ಸಲ ಮೀನಿನ ಮಾರಣಹೋಮಕ್ಕೆ ಕಾರಣ. ತೋಟದ ಗೊಬ್ಬರ, ಊರ ಚರಂಡಿ, ಕೋಳಿ ಅಂಗಡಿಯವರು ರಾತ್ರಿ ತಂದು ಸುರಿದ ಚೀಲಗಳ ಕೊಳೆ ಒಟ್ಟಿಗೇ ಕೆರೆಗೆ ನುಗ್ಗುತ್ತದೆ. ತಳದ ಹೂಳೂ ಕದಡುತ್ತದೆ. ಉಳಿದಿದ್ದ ಅಷ್ಟಿಷ್ಟು ಆಮ್ಲಜನಕವೂ ಮುಗಿಯುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸತ್ತ ಮೀನು ರಾಶಿ ರಾಶಿಯಾಗಿ ತೇಲಿದ್ದನ್ನು ನಾಡೆಲ್ಲ ನೋಡಿತು. ಅದು ಪಟ್ಟಣದ ಪಾಡು ಎಂದು ಹಳ್ಳಿಗಳು ಸುಮ್ಮನಾದವು.

ಕೆರೆಯ ಮೀನು ಪಾಶುವಾರು ಹಕ್ಕನ್ನು, ಅಂದರೆ ಮೀನು ಹಿಡಿಯುವ ಹಕ್ಕನ್ನು, ಹರಾಜು ಹಾಕುವಾಗ ಬರುವ ಹಣದ ಲೆಕ್ಕ ಪಕ್ಕಾ ಇರುತ್ತದೆ. ಬೇಸಿಗೆಗೆ ಎಷ್ಟು ನೀರು ಉಳಿಸಬೇಕು, ಯಾವ ಮರಿ ಬಿಡಬಾರದು ಎಂಬುದನ್ನು ಯಾರು ನೋಡುತ್ತಾರೆ? ಸಾಕಣೆ ನಿಷೇಧವಾಗಿರುವ ಆಫ್ರಿಕನ್ ಕ್ಯಾಟ್‌ಫಿಶ್ ಒಮ್ಮೆ ಕೆರೆಗೆ ಬಿದ್ದರೆ ನಾಟಿ ಮೀನುಗಳನ್ನು ನುಂಗಿ ಹಾಕುತ್ತದೆ. ಆಮೇಲೆ ತೆಗೆಯುತ್ತೇವೆಂದರೂ ತೆಗೆಯಲಾಗದು.

ಮಾರ್ಚ್ ಹುಟ್ಟುವ ಮೊದಲೇ ನಸುಕಿನಲ್ಲಿ ನೀರಿನ ಪರೀಕ್ಷೆ ಶುರುವಾಗಲಿ. ಏರಿಯ ಬಳಿ ಕಸ ಸುರಿಯುವವರಿಗೆ ದಂಡ ಬೀಳಲಿ. ಬಾಯಿ ಬಿಡುವ ಮೀನನ್ನು ಕಂಡವರು ಹೇಳಿದ ಮಾತು ಅಂದೇ ಪಂಚಾಯಿತಿಯ ಪುಸ್ತಕದಲ್ಲಿ ದಾಖಲಾಗಲಿ.