ಈ ಸೈಕಲ್ಲಿಗೆ ಕ್ಯಾರಿಯರ್ ಎಲ್ಲೈತಿ?

ಮೊನ್ನೆ ಊರಿಗೆ ಹೋದಾಗ ಬ್ಯಾಗಿನಲ್ಲಿ ಎರಡು ಸೈಕಲ್ ಮ್ಯಾಗಜೀನ್ ಇದ್ದವು. ಇಂಗ್ಲಿಷಿನವು, ಫಾರಿನ್ನಿನವು. ಶನಿವಾರ ನಸುಕಿನಲ್ಲೇ ಎದ್ದು ನಂದಿ ಬೆಟ್ಟ ಹತ್ತಲು ಹೋಗುವ ಆಫೀಸಿನ ಗೆಳೆಯನೊಬ್ಬ ಓದಿ ಮುಗಿಸಿ ಕೊಟ್ಟಿದ್ದ. ಯಳವತ್ತಿಯಲ್ಲಿ ನಮ್ಮಪ್ಪನ ಅಟ್ಲಾಸ್ ಪಂಚರ್ ಆಗಿತ್ತು, ತಳ್ಳಿಕೊಂಡು ಸೈಕಲ್ ಅಂಗಡಿ ಕಾಕಾನ ಹತ್ತಿರ ಹೋದೆ. ಸೊಲ್ಯೂಷನ್ ಒಣಗುವ ತನಕ ಓದೋಣ ಅಂತ ಮ್ಯಾಗಜೀನ್ ತೆಗೆದರೆ ಕಾಕಾನೇ ಇಸಗೊಂಡು ನೋಡಲು ಶುರು ಮಾಡಿದ.

"ಚಲೋ ಐತಿ ಬಿಡು ತಮ್ಮಾ ಗಾಡಿ. ಆದ್ರ ಇದಕ ಕ್ಯಾರಿಯರ್ ಎಲ್ಲೈತಿ?"
"ಇರಂಗಿಲ್ಲ ಕಾಕಾ."
"ಮಡ್ಗಾರ್ಡ್?"
"ಅದೂ ಇರಂಗಿಲ್ಲ."
"ಸ್ಟ್ಯಾಂಡೂ ಕಾಣವಲ್ದು. ಇಳದ ಮ್ಯಾಲ ಹೆಂಗ ನಿಂದರಸ್ತಾರ?"
"ಗ್ವಾಡಿಗೆ ಆನಿಸಿ ಇಡತಾರ."
"ಎಷ್ಟಂತ ಇದಕ?"
"ಹತ್ತು ಲಕ್ಷದ ಮ್ಯಾಲ."

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹತ್ತು ಲಕ್ಷ ಕೊಟ್ಟು ಗ್ವಾಡಿ ಹುಡಕ್ಕೋತ ತಿರಗಬೇಕಲ್ಲೋ!" ಅಂದ :)

ನಕ್ಕೆ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಆ ಎರಡೂ ಮ್ಯಾಗಜೀನ್ ಮೊದಲಿಂದ ಕೊನೆತನಕ ಓದಿದೆ. ಕ್ಯಾರಿಯರ್ ಬಗ್ಗೆ ಒಂದು ಸಾಲು ಸಿಗಲಿಲ್ಲ. ಸಿಕ್ಕಿದ್ದೇನು ಗೊತ್ತಾ? ಕಾರ್ಬನ್ ಹ್ಯಾಂಡಲ್ ಹಾಕಿಸಿದರೆ ನೂರು ಗ್ರಾಂ ಉಳಿಯುತ್ತೆ, ವೈರಿಲ್ಲದ ಎಲೆಕ್ಟ್ರಾನಿಕ್ ಗೇರು ಎಷ್ಟು ನಯವಾಗಿ ಬೀಳುತ್ತೆ, ಈ ಶೂ ಹಾಕಿಕೊಂಡರೆ ಎಷ್ಟು ಸೆಕೆಂಡು ಉಳಿಯುತ್ತೆ. ಪಕ್ಕದ ಪುಟದಲ್ಲಿ ಅಂಥದ್ದೇ ಶೂವಿನ ಜಾಹೀರಾತು!

ರೇಸಿನ ಸೈಕಲ್ 6.8 ಕೆಜಿಗಿಂತ ಹಗುರ ಇರಬಾರದು ಅಂತ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮ ಇದೆ, 2000ನೇ ಇಸವಿಯಿಂದ. ನಮ್ಮಪ್ಪನ ಸೈಕಲ್ಲು ಖಾಲಿ ಇದ್ದಾಗಲೇ ಇಪ್ಪತ್ತು ಕೆಜಿ ಹತ್ತಿರ. ಅದರ ಎರಡೂ ಕಡೆ ಇಪ್ಪತ್ತಿಪ್ಪತ್ತು ಲೀಟರಿನ ಹಾಲಿನ ಕ್ಯಾನು ತೂಗುಹಾಕಿದರೆ ಇನ್ನೂ ನಲವತ್ತು ಕೆಜಿ. ಹಾಲು ಹಾಕುವವನಿಗೆ ಬೇಕಾಗಿರೋದು ನೂರು ಗ್ರಾಂ ಉಳಿತಾಯ ಅಲ್ಲ. ಆ ಭಾರಕ್ಕೆ ಹಿಂದಿನ ಚಕ್ರದ ಕಡ್ಡಿ ಮುರಿಯದಂತೆ ಏನು ಮಾಡಬೇಕು, ಮಳೆಯಲ್ಲಿ ನೆನೆದಾಗ ರಿಮ್ಮಿನ ಮೇಲೆ ಜಾರುವ ಬ್ರೇಕ್ ಹಿಡಿಯೋದು ಹೇಗೆ ಅನ್ನೋದು.

ಇನ್ನು ನಮ್ಮ ಕಡೆಯ ಎರೆ ಮಣ್ಣು! ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದರೆ ಟೈರಿಗೂ ಮಡ್ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು ಚಕ್ರ ತಿರುಗೋದೇ ನಿಲ್ಲುತ್ತೆ. ಹತ್ತು ಹೆಜ್ಜೆಗೊಮ್ಮೆ ಕಟ್ಟಿಗೆಯಿಂದ ಕೆರೆಯಬೇಕು. ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತುಕೊಂಡು ಬರಬೇಕು. ಬೇಸಿಗೆಯಲ್ಲಿ ಜಾಲಿ ಮುಳ್ಳು. "ಎಲ್ಲಾ ಥರದ ದಾರಿಗೂ ಸೈ" ಅಂತ ರಿವ್ಯೂ ಬರೆಯುವವರು ಒಂದು ಸಲ ಬನ್ನಿ ಸ್ವಾಮಿ, ಜುಲೈ ತಿಂಗಳಲ್ಲಿ.

ಗೆಳೆಯನಿಗೆ ಇದೆಲ್ಲ ಹೇಳಿದೆ. ಅವನ ಉತ್ತರ: "ಅಟ್ಲಾಸ್ ಹೊಡೆಯೋನು ಮ್ಯಾಗಜೀನ್ ಕೊಳ್ಳಲ್ಲ ಮಗಾ. ಕೊಳ್ಳೋರಿಗೆ ತಾನೇ ಬರೀಬೇಕು? ಕಾರಿನ ಮ್ಯಾಗಜೀನಲ್ಲಿ ಫೆರಾರಿ ಫೋಟೋ ಹಾಕಿದ್ರೆ ಯಾರಾದ್ರೂ ಜಗಳ ಆಡ್ತಾರಾ?"

ಮಾತಿನಲ್ಲಿ ಅರ್ಧ ಸತ್ಯ ಇದೆ. ಫೋಟೋ ನೋಡೋ ಖುಷಿ ನನಗೂ ಇದೆ, ಸುಳ್ಳು ಹೇಳಲ್ಲ. ಆದರೆ ಕಾರಿನ ಮ್ಯಾಗಜೀನಿನಲ್ಲಿ ಫೆರಾರಿ ಜೊತೆ ಆಲ್ಟೋ ಕೂಡ ಇರುತ್ತೆ, ಮೈಲೇಜ್ ಎಷ್ಟು ಅನ್ನೋದೂ ಇರುತ್ತೆ. ಸೈಕಲ್ ಮ್ಯಾಗಜೀನಿನಲ್ಲಿ ಆಲ್ಟೋ ಎಲ್ಲಿ? 2011ರ ಜನಗಣತಿ ಪ್ರಕಾರ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಅದರಲ್ಲಿ ಕಾರ್ಬನ್ ಫ್ರೇಮಿನವು ಎಷ್ಟಿರಬಹುದು, ನೀವೇ ಹೇಳಿ.

ನನ್ನ ತಕರಾರು ದುಬಾರಿ ಸೈಕಲ್ ಮೇಲಲ್ಲ. "ಸೈಕ್ಲಿಸ್ಟ್" ಅನ್ನೋ ಪದವನ್ನೇ ಅವರು ತಮ್ಮ ಹೆಸರಿಗೆ ಬರೆಸಿಕೊಂಡರಲ್ಲ, ಅದರ ಮೇಲೆ. ಹೆಲ್ಮೆಟ್ಟು, ಬಿಗಿ ಚಡ್ಡಿ ಹಾಕಿಕೊಂಡವನು ಸೈಕ್ಲಿಸ್ಟ್. ಪಂಚೆ ಎತ್ತಿ ಕಟ್ಟಿಕೊಂಡು ಲಕ್ಷ್ಮೇಶ್ವರದ ಸಂತೆಗೆ ತರಕಾರಿ ಒಯ್ಯುವವನು ಬರೀ "ಸೈಕಲ್ ಮೇಲೆ ಹೋಗುವವನು". ಮೊದಲನೆಯವನು ಪರಿಸರ ಉಳಿಸುತ್ತಾನೆ, ಎರಡನೆಯವನು ಟ್ರಾಫಿಕ್ಕಿಗೆ ಅಡ್ಡ ಬರುತ್ತಾನೆ!

ತಮಾಷೆ ಅಲ್ಲ ಇದು. 2013ರಲ್ಲಿ ಕೋಲ್ಕತ್ತಾ ಪೊಲೀಸರು ನಗರದ 174 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದ್ದರು. ಪೆಟ್ಟು ಬಿದ್ದಿದ್ದು ಹಾಲು, ಪೇಪರ್ ಹಾಕುವವರಿಗೆ. ಸೈಕಲ್ ಅಂದರೆ ಭಾನುವಾರದ ಹವ್ಯಾಸ ಅಂತ ಎಲ್ಲರೂ ಒಪ್ಪಿಕೊಂಡ ಮೇಲೆ, ಸೋಮವಾರ ಅದರ ಮೇಲೆ ಹೊಟ್ಟೆ ಹೊರೆಯುವವನ ಪರ ಮಾತಾಡುವವರು ಯಾರು?

ರಾತ್ರಿ ಹೊತ್ತಿನ ಮಾತು ತಗೊಳ್ಳಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸೈಕಲ್ ಸವಾರರು ಸತ್ತರು. ಮ್ಯಾಗಜೀನಿನಲ್ಲಿ ಹಿಂದಿನಿಂದ ಬರುವ ಗಾಡಿಯನ್ನು ಪತ್ತೆ ಹಚ್ಚುವ ರಾಡಾರ್ ಲೈಟಿನ ರಿವ್ಯೂ ಇದೆ, ಬೆಲೆ ಹತ್ತಿಪ್ಪತ್ತು ಸಾವಿರ. ನಮ್ಮ ಕಾಕಾ ಲಾರಿಗೆ ಅಂಟಿಸುವ ಹೊಳೆಯುವ ಕೆಂಪು ಪಟ್ಟಿಯ ತುಂಡನ್ನು ಕತ್ತರಿಸಿ, ಬಂದ ಸೈಕಲ್ಲಿಗೆಲ್ಲ ಹಿಂದಿನ ಮಡ್ಗಾರ್ಡಿಗೆ ಪುಕ್ಕಟೆ ಅಂಟಿಸುತ್ತಾನೆ. ಇಬ್ಬರಲ್ಲಿ ಯಾರ ಸಲಹೆ ಹೆಚ್ಚು ಜೀವ ಉಳಿಸುತ್ತೆ? ಆದರೆ ಕಾಕಾನದ್ದು ಎಲ್ಲೂ ಅಚ್ಚಾಗಲ್ಲ.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರಿ ಸೈಕಲ್ ಕೊಡಲು ಶುರು ಮಾಡಿದರು. 2020ರಲ್ಲಿ ಕೊರೊನಾ ಬಂದು ನಿಲ್ಲುವ ತನಕ ಪ್ರತಿ ವರ್ಷ ಲಕ್ಷಗಟ್ಟಲೆ ಮಕ್ಕಳ ಕೈಗೆ ಸೈಕಲ್ ಬಂತು. ಅವರಲ್ಲಿ ನಾನೂ ಒಬ್ಬ. ಎಂಥಾ ಸೈಕಲ್ಲೇ ಇರಲಿ, ಹೊಸದರಲ್ಲಿ ಒಂದು ತಿಂಗಳು ಓಡಿಸಿದ ಮೇಲೆ ಕಡ್ಡಿ, ಕೋನು ಸಡಿಲಾಗುತ್ತವೆ, ಬಿಗಿ ಮಾಡಿಸಬೇಕು, ಇಲ್ಲದಿದ್ದರೆ ಚಕ್ರ ಬೆಂಡಾಗುತ್ತೆ. ಇಷ್ಟನ್ನು ಕನ್ನಡದಲ್ಲಿ ಬರೆದಿದ್ದ ಒಂದು ಹಾಳೆ ನಮ್ಮ ಕ್ಲಾಸಿನ ಯಾರ ಕೈಗೂ ಸಿಕ್ಕಿರಲಿಲ್ಲ. ಅಷ್ಟೊಂದು ಸವಾರರು, ಅವರಿಗೆ ಒಂದೇ ಒಂದು ಪುಟ ಇಲ್ಲ!

ಯಾರೂ ಓದಲ್ಲ ಅಂತೀರಾ? 1988ರಲ್ಲಿ ಪುತ್ತೂರಿನಲ್ಲಿ "ಅಡಿಕೆ ಪತ್ರಿಕೆ" ಶುರುವಾದಾಗಲೂ ರೈತ ಓದುತ್ತಾನಾ ಅಂತ ಕೇಳಬಹುದಿತ್ತು. ಅವರು ಓದಿಸಿದ್ದಷ್ಟೇ ಅಲ್ಲ, ಕೃಷಿಕರ ಕೈಗೇ ಪೆನ್ನು ಕೊಟ್ಟು ಬರೆಸಿದರು. ದೂರದ ಅಮೆರಿಕದಲ್ಲಿ ಶೆಲ್ಡನ್ ಬ್ರೌನ್ ಅನ್ನೋ ಸೈಕಲ್ ಮೆಕ್ಯಾನಿಕ್ ಹಳೇ ಸೈಕಲ್ ರಿಪೇರಿಯನ್ನೆಲ್ಲ ವೆಬ್‌ನಲ್ಲಿ ಪುಕ್ಕಟೆ ಬರೆದಿಟ್ಟ. ಆತ 2008ರಲ್ಲಿ ತೀರಿಕೊಂಡ, ಆದರೆ ಆ ಪುಟಗಳು ಇವತ್ತಿಗೂ ಇವೆ. ನನ್ನ ಗೆಳೆಯನೂ ತನ್ನ ಹತ್ತು ಲಕ್ಷದ ಸೈಕಲ್ಲಿಗೆ ಏನಾದರೂ ಆದರೆ ಮೊದಲು ಅಲ್ಲೇ ಹುಡುಕೋದು :)

ಅಂದರೆ ಜಾಹೀರಾತು ನಂಬಿಕೊಂಡ ಮ್ಯಾಗಜೀನು ನಮ್ಮಪ್ಪನಿಗೋಸ್ಕರ ಬರೆಯಲಿ ಅಂತ ಕಾಯೋದು ದಡ್ಡತನ. ಹಳೇ ಸೈಕಲ್ಲನ್ನೇ ಓವರಾಯಲಿಂಗ್ ಮಾಡಿಸಿಕೊಂಡು ಹತ್ತಿಪ್ಪತ್ತು ವರ್ಷ ಓಡಿಸುವವನಿಂದ ಅವರಿಗೆ ಬರುವ ಲಾಭ ಸೊನ್ನೆ. ಬರೆಯಬೇಕಾದವರು ನಾವು. ಖರ್ಚಿಲ್ಲ, ಜಾಹೀರಾತಿನ ಹಂಗಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಕಾಕಾನ ಪಕ್ಕ ಒಂದು ದಿನ ಪೂರ್ತಿ ಕೂತು, ಓವರಾಯಲಿಂಗ್ ಹೇಗೆ ಮಾಡೋದು ಅಂತ ಫೋಟೋ ಸಮೇತ ಇಲ್ಲೇ ಹಾಕುತ್ತೇನೆ. ನಿಮ್ಮೂರಿನ ಸೈಕಲ್ ಅಂಗಡಿಯವರ ಹತ್ತಿರ ಏನೇನು ಗುಟ್ಟುಗಳಿವೆ? ನಿಮ್ಮ ಬ್ಲಾಗಿನಲ್ಲಿ ಒಂದೊಂದು ಬರೀರಿ, ಲಿಂಕ್ ಇಲ್ಲಿ ಕಾಮೆಂಟಿನಲ್ಲಿ ಕೊಡಿ.

ಏನಂತೀರಾ?