ವರ್ಚಸ್ಸು ಎಂಬ ಮಾತು



ಕಳೆದ ತಿಂಗಳು ನಮ್ಮ ಬಳಗದ ಸಭೆಯಲ್ಲಿ ಬಸವ ಜಯಂತಿಯ ಉಪನ್ಯಾಸಕ್ಕೆ ಒಬ್ಬರ ಹೆಸರು ಬಂತು. "ವಚನ ಚೆನ್ನಾಗಿ ಓದಿಕೊಂಡಾರ, ಖರೆ. ಆದರ ವರ್ಚಸ್ಸಿಲ್ಲ, ಜನ ಕೂಡ್ರೂದಿಲ್ಲ" ಎಂದರು ಹಿರಿಯರೊಬ್ಬರು. ನಾನೂ ಕೈಯೆತ್ತಿ ಒಪ್ಪಿದೆ. ಮನೆಗೆ ಬಂದ ಮೇಲೂ ಆ ಪದ ನನ್ನನ್ನು ಬಿಡಲಿಲ್ಲ.

ಪತ್ರಿಕೆಗಳಲ್ಲಿ ಇಂದು ನಾವು 'ವರ್ಚಸ್ಸು' ಎನ್ನುವುದು ಬಹುಮಟ್ಟಿಗೆ ಇಂಗ್ಲಿಷಿನ 'ಕರಿಸ್ಮಾ' ಎಂಬ ಅರ್ಥದಲ್ಲಿ. ಸಂಸ್ಕೃತದ ವರ್ಚಸ್ ಎಂದರೆ ಕಾಂತಿ, ತೇಜಸ್ಸು. (ನಿಘಂಟಿನಲ್ಲಿ ಮಲ ಎಂಬ ಅರ್ಥವೂ ಇದೆ, ಆಯುರ್ವೇದ ಓದಿದವರು ಬಲ್ಲರು.) ಕರಿಸ್ಮಾದ ಹುಟ್ಟು ಬೇರೆ. ಗ್ರೀಕಿನ 'ಖಾರಿಸ್' ಎಂದರೆ ಕೃಪೆ, ಆ ಕೃಪೆಯಿಂದ ದೊರೆತದ್ದು 'ಖಾರಿಸ್ಮ'. ತೇಜಸ್ಸಿಗಿಂತ ನಮ್ಮ 'ಪ್ರಸಾದ'ಕ್ಕೇ ಅದು ಹತ್ತಿರ.

ಮೊದಲನೆಯ ಶತಮಾನದ ನಡುವಿನಲ್ಲಿ ಸಂತ ಪೌಲ ಕೊರಿಂಥದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಇಂಥ ವರಗಳ ಪಟ್ಟಿಯಿದೆ. ರೋಗ ಗುಣಪಡಿಸುವ ಶಕ್ತಿಯ ಸಾಲಿನಲ್ಲೇ ನೆರವಾಗುವುದು, ಆಡಳಿತ ನೋಡಿಕೊಳ್ಳುವುದು ಕೂಡ ಇವೆ. ಆಡಳಿತಕ್ಕೆ ಅಲ್ಲಿರುವ ಪದ ಹಡಗಿನ ಚುಕ್ಕಾಣಿ ಹಿಡಿಯುವುದಕ್ಕೆ ಸಂಬಂಧಿಸಿದ್ದು; 1948ರಲ್ಲಿ ನಾರ್ಬರ್ಟ್ ವೀನರ್ ತನ್ನ ಪುಸ್ತಕಕ್ಕೆ 'ಸೈಬರ್ನೆಟಿಕ್ಸ್' ಎಂಬ ಹೆಸರು ತೆಗೆದದ್ದೂ ಅದೇ ಬೇರಿನಿಂದ. ಲೆಕ್ಕ ಬರೆಯುವವ, ಚಾಪೆ ಹಾಸುವವ ಎಲ್ಲರೂ ಆ ಪಟ್ಟಿಗೆ ಸೇರುತ್ತಾರೆ. ಈ ವರಗಳು ಎಲ್ಲರ ಹಿತಕ್ಕಾಗಿ ಎನ್ನುತ್ತಾನೆ ಪೌಲ. ಅವನನ್ನೇ ವಿರೋಧಿಗಳು, ಪತ್ರ ಜೋರು, ಎದುರಿಗೆ ಬಂದರೆ ಆಳು ಸಪ್ಪೆ, ಮಾತೂ ಸಪ್ಪೆ ಎಂದು ಹಂಗಿಸುತ್ತಿದ್ದರು!

ಪದವನ್ನು ಮಠ-ಮಂದಿರದಿಂದ ರಾಜಕೀಯಕ್ಕೆ ತಂದವನು ಜರ್ಮನಿಯ ಮ್ಯಾಕ್ಸ್ ವೇಬರ್. ಚರ್ಚಿನ ಇತಿಹಾಸಕಾರ ರುಡಾಲ್ಫ್ ಸೋಮ್‌ನಿಂದ ಅದನ್ನು ಪಡೆದ. 1920ರಲ್ಲಿ ವೇಬರ್ ತೀರಿಕೊಂಡ ಮೇಲೆ ಹೊರಬಂದ ಅವನ ದೊಡ್ಡ ಗ್ರಂಥದಲ್ಲಿ ಒಂದು ಮುಖ್ಯ ಮಾತಿದೆ: ಈ ಬಲ ನಿಲ್ಲುವುದು ಅನುಯಾಯಿಗಳು ಒಪ್ಪಿಕೊಂಡಿರುವಷ್ಟು ದಿನ. ನನ್ನಂಥ ಎಂಜಿನಿಯರಿಗೆ ಇದು ಸುಲಭ. ವಿದ್ಯುತ್ಕಾಂತದ ಸೆಳೆತಕ್ಕೆ ಕರೆಂಟು ಹೊರಗಿನಿಂದ ಬರಬೇಕು. ಆ ಕರೆಂಟು ನಾವೇ. ನಾಯಕ ಹೋದ ಮೇಲೆ ಅದೇ ಬಲ ವಂಶಕ್ಕೋ, ಪೀಠಕ್ಕೋ, ಪಟ್ಟದ ವಿಧಿಗೋ ದಾಟಿಕೊಳ್ಳುತ್ತದೆ ಎಂದೂ ವೇಬರ್ ವಿವರಿಸುತ್ತಾನೆ. ಅಲ್ಲಿ ಕೂತವರಲ್ಲಿ ಆ ವರ ಇದೆಯೋ ಇಲ್ಲವೋ ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಓದುವಾಗ ನಮ್ಮ ಮಠಗಳು ನೆನಪಾದವು, ಮುಚ್ಚಿಡುವುದೇಕೆ?

ಮುಂದಿನ ಸಭೆಯಲ್ಲಿ ಆ ಓದಿದವರ ಹೆಸರನ್ನು ನಾನೇ ಮತ್ತೆ ಮುಂದಿಡುತ್ತೇನೆ. ಅವರ ದನಿ ಸಣ್ಣದು. ಮೈಕು ಚೆನ್ನಾಗಿರುವುದನ್ನು ತರಿಸಬೇಕು.