ಕಡಲಿಗೆ ಇಳಿಯುವವರು ಮರೆತ ಕೆರೆ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಕುಣಿಗಲ್ ಮೂಲಕವೇ ಹಾದುಹೋಗುತ್ತದೆ. ಆದರೂ ಈ ತಾಲ್ಲೂಕಿನ ಕೊತ್ತಗೆರೆ ಹೋಬಳಿಯ ಹಿರಿಯರಲ್ಲಿ ಸಮುದ್ರ ಕಂಡವರು ಹೆಚ್ಚಾಗಿ ಧರ್ಮಸ್ಥಳದ ಯಾತ್ರೆಗೆ ಹೋದಾಗ ಇನ್ನೊಂದು ದಿನ ಮುಂದುವರಿದು ಕಂಡವರು. ಅವರ ಮಕ್ಕಳು, ಮೊಮ್ಮಕ್ಕಳು ಈಗ ಬೆಂಗಳೂರಿನ ಕಚೇರಿಗಳಲ್ಲಿ ದುಡಿಯುತ್ತ, ಥಾಯ್ಲೆಂಡಿಗೋ ಮಾಲ್ದೀವ್ಸ್‌ಗೋ ಹೋಗಿ ಕಡಲ ತಳವನ್ನೇ ನೋಡಿಬರುವ ಲೆಕ್ಕಾಚಾರದಲ್ಲಿದ್ದಾರೆ. ಇದರಲ್ಲಿ ಮೂಗು ಮುರಿಯುವಂಥದ್ದೇನೂ ಇಲ್ಲ. ಬಯಲುಸೀಮೆಯವರು ಹವಳದ ದಿಬ್ಬಗಳ ನಡುವೆ ಮೀನಿನ ಹಿಂಡು ನೋಡಬಾರದೆಂದು ಯಾರೂ ಬರೆದಿಟ್ಟಿಲ್ಲ. ಆಕ್ಷೇಪವಿರುವುದು ಆ ಲೆಕ್ಕಾಚಾರದ ಬಗೆಗೆ. ವಿಮಾನದ ಟಿಕೆಟ್ಟು, ಹೋಟೆಲಿನ ಬಾಡಿಗೆ, ನೀರಿನೊಳಗೆ ಚಿತ್ರ ತೆಗೆಯುವ ಕ್ಯಾಮೆರಾ ಎಲ್ಲವೂ ಪಟ್ಟಿಯಲ್ಲಿ ಬರುತ್ತವೆ. ಈಜು ಕಲಿಯಲು ಬೇಕಾದ ಎರಡು ಮೂರು ತಿಂಗಳು ಮಾತ್ರ ಎಲ್ಲಿಯೂ ಬರುವುದಿಲ್ಲ.

‘ಈಜು ಬಾರದವರೂ ಸ್ಕೂಬಾ ಡೈವಿಂಗ್ ಮಾಡಬಹುದು’ ಎಂಬ ಜಾಹೀರಾತನ್ನು ಓದಿದವರಿಗೆ ಈ ಮಾತು ಅನಗತ್ಯ ಭಯವೆನಿಸಬಹುದು. ಜಾಹೀರಾತು ಪೂರ್ತಿ ಸುಳ್ಳೇನೂ ಅಲ್ಲ. ಪರಿಣತ ತರಬೇತುದಾರನೊಬ್ಬ ಜೊತೆಗಿದ್ದು, ಹೆಚ್ಚೆಂದರೆ 12 ಮೀಟರ್ ಆಳದವರೆಗೆ ಕರೆದೊಯ್ದು ತರುವ ಪರಿಚಯಾತ್ಮಕ ಇಳಿತಕ್ಕೆ ಈಜು ಕಡ್ಡಾಯವಲ್ಲ. ಅಲ್ಲಿ ಇಳಿಯುವವನು ಪ್ರಯಾಣಿಕನೇ ಹೊರತು ಚಾಲಕನಲ್ಲ. ಆದರೆ 18 ಮೀಟರ್‌ವರೆಗೆ ಸಂಗಾತಿಯೊಡನೆ ಇಳಿಯಲು ಅರ್ಹತೆ ನೀಡುವ ‘ಓಪನ್ ವಾಟರ್’ ಪ್ರಮಾಣಪತ್ರ ಬೇಕೆಂದರೆ, ಪಾಡಿ ಸಂಸ್ಥೆಯ ನಿಯಮದಂತೆ 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ಮುಳುಗದೆ ತೇಲಬೇಕು. ಮುಖಗವಸು, ಉಸಿರ್ಗೊಳವೆ, ಕಾಲಿನ ರೆಕ್ಕೆ ತೊಟ್ಟು ಈಜುವುದಾದರೆ 300 ಮೀಟರ್. ಜಾಹೀರಾತು ಹೇಳುವ ಸ್ಕೂಬಾಕ್ಕೂ ಪ್ರಮಾಣಪತ್ರದ ಸ್ಕೂಬಾಕ್ಕೂ ಇರುವ ಈ ಅಂತರವನ್ನು ಹಣ ಕಟ್ಟುವ ಮುನ್ನ ಎಷ್ಟು ಜನ ಕೇಳಿ ತಿಳಿಯುತ್ತಾರೆ?

ಹಾಗೆಂದು ಈಜು ಬಂದರೆ ಸಾಕೆಂದೂ ಅಲ್ಲ. ನಮ್ಮ ಹಳ್ಳಿಗಳ ಹಳೆಯ ತೆರೆದ ಬಾವಿಯನ್ನೇ ನೆನೆಯಿರಿ. ದಡದಿಂದ ಧುಮುಕಿ ತಳದ ಮಣ್ಣನ್ನು ಹಿಡಿಯಲ್ಲಿ ಎತ್ತಿ ತಂದು ತೋರಿಸುವುದು ಪಂದ್ಯವಾಗಿತ್ತು. ಅಂಥ ಈಜುಗಾರ ಮೇಲಿನ ಗಾಳಿಯನ್ನೇ ಎದೆಯಲ್ಲಿ ತುಂಬಿಕೊಂಡು ಇಳಿಯುತ್ತಾನೆ. ಆಳಕ್ಕೆ ಹೋದಂತೆ ಆ ಗಾಳಿ ಕುಗ್ಗುತ್ತದೆ, ಮೇಲೆ ಬಂದಂತೆ ಮೊದಲಿನಷ್ಟೇ ಆಗುತ್ತದೆ. ಉಸಿರು ಬಿಗಿಹಿಡಿಯುವುದೇ ಅವನ ವಿದ್ಯೆ. ಸ್ಕೂಬಾದಲ್ಲಿ ಇದು ತಲೆಕೆಳಗು. ಪ್ರತಿ 10 ಮೀಟರಿಗೆ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ. ಸಿಲಿಂಡರಿನಿಂದ ಬರುವ ಗಾಳಿಯೂ ಆ ಆಳದ ಒತ್ತಡದಲ್ಲೇ ಪುಪ್ಪುಸಕ್ಕೆ ಸೇರುತ್ತದೆ. 10 ಮೀಟರಿನಲ್ಲಿ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಅದು ಎರಡು ಪಟ್ಟು ಹಿಗ್ಗಬೇಕಾಗುತ್ತದೆ. ಹಿಗ್ಗಲು ಜಾಗವಿಲ್ಲದಾಗ ಪುಪ್ಪುಸ ಹರಿಯುತ್ತದೆ. ಗಾಬರಿಯಾದಾಗ ಉಸಿರು ಕಟ್ಟುವುದು, ಮೇಲಕ್ಕೆ ಧಾವಿಸುವುದು ಮನುಷ್ಯ ಸಹಜ. ಆ ಸಹಜ ಪ್ರವೃತ್ತಿಯನ್ನು ಮರೆಸುವುದೇ ಸ್ಕೂಬಾ ತರಬೇತಿಯ ಮೊದಲ ಪಾಠ. ದೋಣಿಯ ಅಂಚಿನಲ್ಲಿ ಕುಳಿತು, ಅರ್ಧ ತಿಳಿದ ಭಾಷೆಯಲ್ಲಿ, ಕಾಲು ಗಂಟೆಯಲ್ಲಿ ಕೇಳಿಸಿಕೊಳ್ಳುವ ವಿಷಯ ಇದಲ್ಲ.

ವಿಪರ್ಯಾಸವೆಂದರೆ, ಮರೆಯಲಿಕ್ಕಾದರೂ ಬಾವಿಯ ಆ ವಿದ್ಯೆ ಇಂದಿನ ಮಕ್ಕಳ ಬಳಿ ಉಳಿದಿಲ್ಲ. ಕೊತ್ತಗೆರೆ ತನ್ನ ಹೆಸರಿನಲ್ಲೇ ಕೆರೆಯನ್ನು ಹೊತ್ತ ಊರು. ಕುಣಿಗಲ್ಲಿನ ದೊಡ್ಡಕೆರೆಯಂತೂ ನಾಡಿನ ಜನಪದರ ನಾಲಿಗೆಯ ಮೇಲೆ ನಿಂತಿದೆ. ಈ ಸೀಮೆಯಲ್ಲಿ ಬೆನ್ನಿಗೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಮನೆಯ ದೊಡ್ಡವರೇ ಮಕ್ಕಳನ್ನು ಬಾವಿಗೆ ಇಳಿಸುತ್ತಿದ್ದರು. (ಗಂಡು ಮಕ್ಕಳನ್ನು ಎನ್ನಬೇಕು, ಹೆಣ್ಣು ಮಕ್ಕಳು ಆಗಲೂ ದಡದಲ್ಲೇ ಉಳಿದರು.) ಕೊಳವೆಬಾವಿಗಳು ಬಂದವು, ಅಂತರ್ಜಲ ಕೆಳಗಿಳಿಯಿತು, ತೆರೆದ ಬಾವಿಗಳು ಬತ್ತಿ ಕಸದ ಗುಂಡಿಗಳಾದವು. ಈಜು ಕಲಿಸುತ್ತಿದ್ದ ನೀರು ಹೋಯಿತು. ಮುಳುಗಿಸುವ ನೀರು ಮಾತ್ರ ಉಳಿಯಿತು. ಹೂಳೆತ್ತಲು ಯಂತ್ರ ಬಗೆದ ಗುಂಡಿಗಳು ಮಳೆಗೆ ತುಂಬಿಕೊಂಡಾಗ ಅವುಗಳ ಆಳ ಎಮ್ಮೆ ಮೇಯಿಸುವ ಹುಡುಗನಿಗೆ ತಿಳಿಯುವುದಿಲ್ಲ. ದೇಶದಲ್ಲಿ ನೀರಿನಲ್ಲಿ ಮುಳುಗಿ ಸಾಯುವವರು ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳೇ ಹೇಳುತ್ತವೆ.

2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ಸತ್ತರು. ಕೋಲಾರವೂ ತುಮಕೂರಿನಂತೆಯೇ ಕೆರೆಗಳ ಜಿಲ್ಲೆ, ಕಡಲಿಲ್ಲದ ಜಿಲ್ಲೆ. ಆ ಮಕ್ಕಳು ಸ್ಕೂಬಾಕ್ಕೆ ಹೋದವರಲ್ಲ, ದಡದ ಅಲೆಗಳಲ್ಲಿ ಆಡಲು ಹೋದವರು. ಅದೇ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಕರ್ನಾಟಕದಲ್ಲಿ ಸ್ಕೂಬಾ ಎಂದೊಡನೆ ನೆನಪಾಗುವ ತಾಣ ಅದು. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ನೀರಿಗಿಳಿದದ್ದನ್ನು ಕಂಡಮೇಲೆ ಅದರ ಆಕರ್ಷಣೆ ಬಯಲುಸೀಮೆಗೂ ಹಬ್ಬಿತು. ಒಂದೇ ಊರಿನ ಕಡಲು ಸಂಭ್ರಮವನ್ನೂ ಸಾವನ್ನೂ ಹೀಗೆ ಪಕ್ಕಪಕ್ಕದಲ್ಲೇ ಇಟ್ಟುಕೊಂಡಿದೆ.

ವಿದೇಶಕ್ಕೆ ಹೊರಡುವವರು ಮೊದಲು ನೇತ್ರಾಣಿಗೆ ಹೋಗಿಬರಲಿ ಎನ್ನುವುದು ಸ್ವದೇಶಾಭಿಮಾನದ ಮಾತಲ್ಲ. ಕನ್ನಡದಲ್ಲೇ ಪ್ರಶ್ನೆ ಕೇಳಬಹುದು. ಕಿವಿಯ ನೋವನ್ನು ತನ್ನ ಭಾಷೆಯಲ್ಲೇ ಹೇಳಬಹುದು. ಬೇಡವೆನಿಸಿದರೆ ದೊಡ್ಡ ಮೊತ್ತ ಕಳೆದುಕೊಳ್ಳದೆ ಮನೆಗೆ ಮರಳಬಹುದು. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಇರುವುದಿಲ್ಲ ಎಂಬುದೂ ಒಂದು ಪಾಠವೇ, ಏಕೆಂದರೆ ವಿದೇಶದ ಕಡಲಿಗೂ ಋತುವಿದೆ. ಫುಕೆಟ್‌ನ ಉತ್ತರಕ್ಕಿರುವ, ಡೈವಿಂಗ್‌ಗೆ ಹೆಸರಾದ ಸಿಮಿಲನ್ ದ್ವೀಪಗಳು ಪ್ರತಿವರ್ಷ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತವೆ. ನಮ್ಮ ಶಾಲೆಗಳ ಬೇಸಿಗೆ ರಜೆಯ ಕೊನೆಯ ಎರಡು ವಾರಕ್ಕೆ ಟಿಕೆಟ್ ಕೊಂಡವರು ಬಾಗಿಲು ಹಾಕಿದ ಕಡಲನ್ನು ನೋಡಿ ಬರಬೇಕಾಗುತ್ತದೆ.

ಪ್ರವಾಸದ ಯೋಜನೆಯನ್ನು ಹೋಗುವ ದಿನದಿಂದಲ್ಲ, ಮರಳುವ ದಿನದಿಂದ ಹಿಂದಕ್ಕೆ ಎಣಿಸಬೇಕು. ಆಳದಲ್ಲಿ ಉಸಿರಾಡುವಾಗ ರಕ್ತ, ಮಾಂಸಖಂಡಗಳಲ್ಲಿ ಸಾರಜನಕ ಹೆಚ್ಚಾಗಿ ಕರಗುತ್ತದೆ. ಅದು ನಿಧಾನವಾಗಿ ಹೊರಹೋಗುವ ಮೊದಲೇ ವಿಮಾನ ಹತ್ತಿದರೆ, ಮೇಲಿನ ಕಡಿಮೆ ಒತ್ತಡದಲ್ಲಿ ಗುಳ್ಳೆಗಳಾಗಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನನ್ನಾದರೂ ತಂದೊಡ್ಡೀತು. ಒಂದೇ ಸಾಮಾನ್ಯ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾಗಿದ್ದರೆ 18 ಗಂಟೆ ವಿಮಾನ ಹತ್ತಬಾರದೆಂಬುದು ತಜ್ಞರ ಸೂಚನೆ. ಪೂರ್ತಿ ಒಂದು ದಿನ ಬಿಡುವುದು ಲೇಸು. ‘ಬೆಳಿಗ್ಗೆ ಡೈವಿಂಗ್, ರಾತ್ರಿ ವಿಮಾನ’ ಎಂದು ಮುದ್ರಿಸಿದ ಪ್ಯಾಕೇಜನ್ನು ನಿರಾಕರಿಸಲು ಇದೊಂದೇ ಕಾರಣ ಸಾಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, ನೇತ್ರಾಣಿಯಲ್ಲಿ ಇಳಿದು ಅದೇ ಸಂಜೆ ಘಟ್ಟ ಹತ್ತುವವರೂ ತರಬೇತುದಾರರನ್ನು ಕೇಳಿಯೇ ಹೊರಡಬೇಕು.

ವೈದ್ಯಕೀಯ ಪ್ರಶ್ನಾವಳಿಯ ಮಾತು ಬೇರೆ. ಉಬ್ಬಸ, ಹೃದಯದ ತೊಂದರೆ, ಕಿವಿಯ ಸೋರಿಕೆ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭ ಎಲ್ಲವನ್ನೂ ಅದರಲ್ಲಿ ಕೇಳುತ್ತಾರೆ. ಹಣ ಕಟ್ಟಿಯಾಗಿದೆ, ಸ್ನೇಹಿತರು ಕಾಯುತ್ತಿದ್ದಾರೆ ಎಂದು ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕುವವರಿದ್ದಾರೆ. ಆ ಸುಳ್ಳಿನಿಂದ ಜೀವಕ್ಕೆ ಅಪಾಯವಷ್ಟೇ ಅಲ್ಲ, ವಿಮೆಯೂ ಕೈಬಿಟ್ಟೀತು. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಡೈವಿಂಗ್ ಸೇರಿದೆಯೇ, ಎಷ್ಟು ಆಳದವರೆಗೆ, ಒತ್ತಡ ಕೊಠಡಿಯ ಚಿಕಿತ್ಸೆಯ ವೆಚ್ಚ ಯಾರದು ಎಂಬುದನ್ನು ಊರಲ್ಲೇ ಓದಿ ಹೊರಡಬೇಕು. ಮಾಲ್ದೀವ್ಸ್ ಸರ್ಕಾರ ಪ್ರವಾಸಿಗರ ಡೈವಿಂಗ್‌ಗೆ 30 ಮೀಟರ್ ಮಿತಿ ಹಾಕಿದೆ. ‘ಇನ್ನೂ ಸ್ವಲ್ಪ ಕೆಳಗೆ’ ಎಂದು ಹುರಿದುಂಬಿಸುವವರೊಡನೆ ಅಲ್ಲಿ ಇಳಿಯಲೇಬಾರದು.

ವಿದೇಶಕ್ಕೆ ಹೋಗಬಲ್ಲವರ ಶೋಕಿಗೆ ಪತ್ರಿಕೆಯಲ್ಲಿ ಇಷ್ಟು ಜಾಗವೇಕೆಂದು ಕೇಳುವವರಿಗೆ ಉತ್ತರ ಕೊತ್ತಗೆರೆಯ ಸುತ್ತಲೇ ಇದೆ. ಇದೇ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ 2025ರ ಅಕ್ಟೋಬರ್‌ನಲ್ಲಿ ದಿಢೀರನೆ ಏರಿದ ನೀರು, ನೋಡಲು ಬಂದಿದ್ದವರನ್ನೇ ಕೊಚ್ಚಿಕೊಂಡು ಹೋಯಿತು. ಅಂಥ ರಭಸದಲ್ಲಿ ಈಜು ಬಲ್ಲವನೂ ಉಳಿಯುವುದು ಕಷ್ಟವೇ. ಆದರೆ ನೀರನ್ನು ಓದುವುದು, ಎಲ್ಲಿ ಇಳಿಯಬಾರದೆಂದು ಅರಿಯುವುದು ಈಜಿನ ಜೊತೆಗೇ ಬರುವ ತಿಳಿವಳಿಕೆ. ಫುಕೆಟ್‌ಗೆ ಹೋಗುವ ಎಂಜಿನಿಯರನಿಗೂ ಕೆರೆಯಂಗಳದಲ್ಲಿ ಎಮ್ಮೆ ಮೈತೊಳೆಯುವ ಹುಡುಗನಿಗೂ ಇರುವ ಕೊರತೆ ಒಂದೇ. ಎಂಜಿನಿಯರ್ ಹಣ ಕೊಟ್ಟು ಬೆಂಗಳೂರಿನ ಈಜುಕೊಳದಲ್ಲಿ ಕಲಿತಾನು. ಹುಡುಗನಿಗೆ ಕಲಿಸುವವರು ಯಾರು?

ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯದ ಅನೇಕ ಹಳ್ಳಿಗಳಲ್ಲಿ ಹಳೆಯ ಕಲ್ಯಾಣಿಗಳ ಹೂಳೆತ್ತಿ ಕಲ್ಲು ಕಟ್ಟಲಾಗಿದೆ. ಅವು ಉದ್ಘಾಟನೆಯ ಫಲಕಕ್ಕೆ ಮೀಸಲಾಗಬೇಕಿಲ್ಲ. ಮೆಟ್ಟಿಲುಗಳಿರುವ, ಆಳ ಗೊತ್ತಿರುವ, ನಿಂತ ನೀರಿನ ಕಲ್ಯಾಣಿ ಈಜು ಕಲಿಸಲು ಕೆರೆಗಿಂತ ಎಷ್ಟೋ ಮೇಲು. ಹೋಬಳಿಗೊಂದರಂತೆ ಶುದ್ಧ ನೀರಿರುವ ಒಂದನ್ನು ಆರಿಸಿ, ಬೇಸಿಗೆ ರಜೆಯಲ್ಲಿ ಆರು ವಾರ ಒಬ್ಬ ತರಬೇತುದಾರ, ಒಬ್ಬ ಸಹಾಯಕಿ, ಒಂದಷ್ಟು ಲೈಫ್ ಜಾಕೆಟ್, ಹಗ್ಗಗಳನ್ನು ಒದಗಿಸುವುದು ಯುವಜನ ಮತ್ತು ಕ್ರೀಡಾ ಇಲಾಖೆಗೂ ಗ್ರಾಮ ಪಂಚಾಯಿತಿಗೂ ಮೀರಿದ ಕೆಲಸವಲ್ಲ. ಸಹಾಯಕಿ ಎಂದದ್ದು ಉದ್ದೇಶಪೂರ್ವಕ: ಈ ಬಾರಿ ಹೆಣ್ಣು ಮಕ್ಕಳನ್ನು ದಡದಲ್ಲಿ ಕೂರಿಸುವುದು ಬೇಡ. ಕಲಿಕೆಯ ಕೊನೆಗೆ ಪರೀಕ್ಷೆಯೊಂದು ಬೇಕೆಂದರೆ ಅದಕ್ಕೂ ಹುಡುಕಾಡಬೇಕಿಲ್ಲ. 200 ಮೀಟರ್ ಈಜು, 10 ನಿಮಿಷ ತೇಲು.